ಗಾಡಿ ಓಡಿಸುವಾಗ ಒಳ್ಳೆಯವರಿಗೂ ಯಾಕೆ ಅಷ್ಟು ಸಿಟ್ಟು ಬರುತ್ತದೆ?

ಎದುರಿನವರ ಮುಖ ಕಾಣದಿರುವುದೇ ದೊಡ್ಡ ಕಾರಣ. ಫುಟ್‌ಪಾತಿನಲ್ಲಿ ಭುಜ ತಾಗಿದರೆ ಸಾರಿ ಅಂದು ಮುಂದೆ ಹೋಗುತ್ತೇವೆ. ಅದೇ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಕಾರಿನ ಕನ್ನಡಿಗೆ ಬೈಕಿನ ಹ್ಯಾಂಡಲ್ ತಾಗಿದರೆ ಗಾಜು ಇಳಿಸಿ ಬೈಯುತ್ತೇವೆ. ನಮಗೆ ಕಾಣುವುದು ಹೆಲ್ಮೆಟ್ಟು, ನಂಬರ್ ಪ್ಲೇಟು ಅಷ್ಟೇ ಅಲ್ವಾ? ನಾವು ನುಗ್ಗಿದರೆ ಅರ್ಜೆಂಟು, ಬೇರೆಯವರು ನುಗ್ಗಿದರೆ ಕೊಬ್ಬು ಅನ್ನುವ ಬುದ್ಧಿಯೂ ಸೇರುತ್ತದೆ.

ಇನ್ನು ದೇಹದ ವಿಷಯ. ಯಾರೋ ಅಡ್ಡ ಬಂದು ಗಕ್ಕನೆ ಬ್ರೇಕ್ ಒತ್ತಿದಾಗ ಅಡ್ರಿನಲಿನ್ ಅನ್ನುವ ಹಾರ್ಮೋನು ಏರಿ ಎದೆ ಡವಡವ ಹೊಡೆಯುತ್ತದೆ. ಎದ್ದು ಹೋಗಲೂ ಆಗದೆ ಸೀಟಿನಲ್ಲೇ ಕೂತಿರಬೇಕು. ಆ ಭಯವೇ ಸಿಟ್ಟಾಗಿ ಹಾರ್ನ್ ಮೇಲೆ ಬೀಳುತ್ತದೆ. ತಡವಾದಾಗ, ನಿದ್ದೆಗೆಟ್ಟಾಗ ಇದು ಇನ್ನೂ ಜಾಸ್ತಿ. ಒಂದೆರಡು ನಿಮಿಷ ಸುಮ್ನಿದ್ದರೆ ಎದೆಬಡಿತ ತಾನಾಗಿಯೇ ಇಳಿಯುತ್ತದೆ. ದಯವಿಟ್ಟು ಯಾರನ್ನೂ ಬೆನ್ನಟ್ಟಬೇಡಿ. ಅಪಾಯಕಾರಿಯಾಗಿ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಪ್ರಕಾರ ಮೊದಲ ಸಲಕ್ಕೇ ಜೈಲಾಗಬಹುದು.