ತುಮಕೂರಿನಿಂದ ರಾಗಿ ಹುರಿಹಿಟ್ಟು ಆನ್‌ಲೈನ್‌ನಲ್ಲಿ ಮಾರುತ್ತೇವೆ. ಪ್ಲಾಸ್ಟಿಕ್ ಕಡಿಮೆ ಮಾಡುವುದು ಹೇಗೆ? ಕಳಿಸುವ ಕೆಲಸ ಗೋದಾಮಿನವರಿಗೆ ಕೊಡಬಹುದಾ?

ಮೊದಲು ಡಬ್ಬದ ಅಳತೆ ನೋಡಿ. ಬಹಳಷ್ಟು ಕೊರಿಯರ್‌ನವರು ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಅದು ನಿಜವಾದ ತೂಕಕ್ಕಿಂತ ಜಾಸ್ತಿಯಾದರೆ ಅದಕ್ಕೇ ದುಡ್ಡು. 30×20×20ರ ಡಬ್ಬದಲ್ಲಿ ಒಂದು ಕೆಜಿ ಹಿಟ್ಟಿಟ್ಟರೆ 2.4 ಕೆಜಿಗೆ ದುಡ್ಡು ಕಟ್ಟುತ್ತೀರಿ. ಸುಮ್ನೆ ಗಾಳಿ ಕಳಿಸಿದ ಹಾಗೆ, ಅಲ್ವಾ?

ಹೊರಗೆ ಮೂರು ಪದರದ ರಟ್ಟಿನ ಡಬ್ಬ, ಕಾಗದದ ಟೇಪು ಸಾಕು. ಒಳಚೀಲ ಮಾತ್ರ ಬರೀ ಕಾಗದದ್ದು ಬೇಡ, ಹಿಟ್ಟು ತೇವ ಎಳೆಯುತ್ತದೆ. ಹಾಳಾದ ಹಿಟ್ಟೇ ದೊಡ್ಡ ನಷ್ಟ. ಒಂದೇ ಬಗೆಯ ಪ್ಲಾಸ್ಟಿಕ್‌ನದ್ದು ಇರಲಿ, ಮರುಬಳಕೆ ಸುಲಭ.

ದಿನಕ್ಕೆ ಹತ್ತಿಪ್ಪತ್ತು ಆರ್ಡರ್‌ಗೆ ಗೋದಾಮು ಯಾಕೆ? ಸ್ಪೀಡ್ ಪೋಸ್ಟ್ ಸಾಕು. ಮುಂದೆ ಬೆಂಗಳೂರಿನ ಗೋದಾಮಿನವರಿಗೆ ಕೊಟ್ಟರೂ, ನಿಮ್ಮ ಡಬ್ಬದಲ್ಲೇ ಕಳಿಸುತ್ತಾರಾ ಅಂತ ಮೊದಲೇ ಬರೆಸಿಕೊಳ್ಳಿ.