‘ಕಾಸಾಬ್ಲಾಂಕಾ’ದ ಉಗಾರ್ಟೆ ಪಾತ್ರಧಾರಿ ಪೀಟರ್ ಲೋರೆ

ಹಾಲಿವುಡ್ ಚಿತ್ರ ‘ಕಾಸಾಬ್ಲಾಂಕಾ’ದಲ್ಲಿ ಉಗಾರ್ಟೆಯಾಗಿ ಕೆಲವೇ ನಿಮಿಷ ಕಾಣಿಸಿಕೊಳ್ಳುವ ನಟ ಯಾರು, ಅವರು ಎಂದಾದರೂ ಮುಖ್ಯ ಪಾತ್ರ ಮಾಡಿದ್ದರೇ ಎಂದು ಕೇಳಿದ್ದೀರಿ. ಅವರು ಪೀಟರ್ ಲೋರೆ. 1904ರಲ್ಲಿ, ಆಗ ಆಸ್ಟ್ರಿಯಾ-ಹಂಗೇರಿಗೆ ಸೇರಿದ್ದು ಈಗ ಸ್ಲೊವಾಕಿಯಾದಲ್ಲಿರುವ ರುಜೊಂಬೆರೊಕ್ ಪಟ್ಟಣದ ಯಹೂದಿ ಕುಟುಂಬದಲ್ಲಿ ಹುಟ್ಟಿದ ಅವರ ಮೊದಲ ಹೆಸರು ಲಾಸ್ಲೊ ಲೋವೆನ್‌ಸ್ಟೈನ್.

ಬರ್ಲಿನ್ ರಂಗಭೂಮಿಯಲ್ಲಿ ನಾಟಕಕಾರ ಬ್ರೆಕ್ಟ್ ಅವರೊಡನೆ ದುಡಿದ ಲೋರೆ, 1931ರಲ್ಲಿ ಫ್ರಿಟ್ಸ್ ಲಾಂಗ್ ನಿರ್ದೇಶಿಸಿದ ‘ಎಂ’ ಚಿತ್ರದಲ್ಲಿ ಮುಖ್ಯ ಪಾತ್ರವಾದ ಮಕ್ಕಳ ಕೊಲೆಗಾರನಾಗಿ ನಟಿಸಿದರು. ಚಿತ್ರದ ಬಹುಪಾಲು ಅವರಿಗೆ ಮಾತು ಕಡಿಮೆ; ಆದರೆ ಕೊನೆಯಲ್ಲಿ ಊರಿನ ಕಳ್ಳಕಾಕರೇ ಕೂಡಿ ನಡೆಸುವ ವಿಚಾರಣೆಯಲ್ಲಿ, ತನ್ನೊಳಗಿನ ಒತ್ತಡವನ್ನು ತಡೆಯಲಾರೆನೆಂದು ಅವರು ಚೀರುವ ಪರಿ ಇದೆಯಲ್ಲ, ಅಂಥ ನಟನೆಯನ್ನು ತೆರೆಯ ಮೇಲೆ ನಾನು ಕಂಡಿರುವುದು ಬಹಳ ಅಪರೂಪ. ನಾತ್ಸಿಗಳು ಇದೇ ದೃಶ್ಯದ ತುಣುಕನ್ನು 1940ರಲ್ಲಿ ಯಹೂದಿ ದ್ವೇಷದ ಪ್ರಚಾರಚಿತ್ರವೊಂದರಲ್ಲಿ ಬಳಸಿಕೊಂಡದ್ದು ಘೋರ ಅನ್ಯಾಯ.

1933ರಲ್ಲಿ ಜರ್ಮನಿ ತೊರೆದ ಅವರು, ಇಂಗ್ಲಿಷ್ ಇನ್ನೂ ಸರಿಯಾಗಿ ಬಾರದಿದ್ದಾಗಲೇ ನಿರ್ದೇಶಕ ಹಿಚ್‌ಕಾಕ್ ಅವರ ಚಿತ್ರದಲ್ಲಿ ನಟಿಸಿ, ಬಳಿಕ ಹಾಲಿವುಡ್ ಸೇರಿದರು. ಅಲ್ಲಿ ಜಪಾನಿ ಪತ್ತೇದಾರ ಮೋಟೊ ಆಗಿ ಎಂಟು ಚಿತ್ರಗಳಲ್ಲಿ ನಾಯಕರೇ ಆಗಿದ್ದರೂ, ಉಳಿದಂತೆ ಹೆಚ್ಚಾಗಿ ಸಿಕ್ಕಿದ್ದು ಕುಟಿಲ ವಿದೇಶಿಯನ ಸಣ್ಣ ಪಾತ್ರಗಳು. ಪಶ್ಚಿಮ ಜರ್ಮನಿಗೆ ಮರಳಿ ತಾವೇ ನಿರ್ದೇಶಿಸಿ ನಟಿಸಿದ 1951ರ ‘ಡೆರ್ ಫೆರ್ಲೋರೆನೆ’ ಚಿತ್ರವನ್ನು ಅಲ್ಲಿನ ಪ್ರೇಕ್ಷಕರು ಸ್ವೀಕರಿಸಲಿಲ್ಲ. ಮತ್ತೆ ಅಮೆರಿಕಕ್ಕೆ ಹೋಗಿ ದುಡಿದ ಅವರು 1964ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡರು. ನೀವು ಮೊದಲು ‘ಎಂ’ ನೋಡಿ.