ಮಗ್ಗಿ ಬರುತ್ತದೆ, ಹೇಳಿಕೆ ಲೆಕ್ಕ ಮಾತ್ರ ಬರುವುದಿಲ್ಲ, ಯಾಕೆ?

ಐದನೇ ಕ್ಲಾಸಿನ ಮಗಳಿಗೆ ಮಗ್ಗಿ ಚೆನ್ನಾಗಿ ಬರುತ್ತದೆ, ಆದರೆ ಹೇಳಿಕೆ ಲೆಕ್ಕ ಕೊಟ್ಟರೆ 'ಇದನ್ನ ಕೂಡಬೇಕಾ, ಕಳೆಯಬೇಕಾ?' ಅಂತ ಕೇಳುತ್ತಾಳೆ ಎಂದು ಬರೆದಿದ್ದೀರಿ. ನಾನು ಮನೆಯಲ್ಲಿ ಟ್ಯೂಷನ್ ಹೇಳುತ್ತೇನೆ. ಈ ಪ್ರಶ್ನೆ ಕೇಳದ ಮಕ್ಕಳು ಸಿಗುವುದೇ ಅಪರೂಪ.

ಅವಳು ದಡ್ಡಿಯಲ್ಲ. ಶಾಲೆಯ ಲೆಕ್ಕದ ಗುಟ್ಟು ಹಿಡಿದಿದ್ದಾಳೆ, ಅಷ್ಟೇ. ಕಳೆಯುವ ಪಾಠ ಮುಗಿದ ಮೇಲೆ ಬರುವ ಲೆಕ್ಕಗಳೆಲ್ಲ ಕಳೆಯುವುದೇ ಅಲ್ವಾ? ಹಾಗಿದ್ದಾಗ ಪೂರ್ತಿ ಓದುವುದು ಯಾಕೆ? ಎರಡು ಸಂಖ್ಯೆ ಹುಡುಕಿ ಕಳೆದರೆ ಸಾಕು.

1980ರ ಆಸುಪಾಸಿನಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಚಿಕ್ಕ ಮಕ್ಕಳಿಗೆ ಹೀಗೆ ಕೇಳಿದರು: ಹಡಗಿನಲ್ಲಿ 26 ಕುರಿ, 10 ಮೇಕೆ ಇವೆ, ಕ್ಯಾಪ್ಟನ್ ವಯಸ್ಸೆಷ್ಟು? 97 ಮಕ್ಕಳಲ್ಲಿ 76 ಮಂದಿ ಆ ಸಂಖ್ಯೆಗಳನ್ನೇ ಬಳಸಿ ಉತ್ತರ ಕೊಟ್ಟರು. (36 ಕ್ಯಾಪ್ಟನ್‌ಗೆ ಒಪ್ಪುವ ವಯಸ್ಸೇ, ಅದು ಬೇರೆ ಮಾತು.) ಮೇಷ್ಟ್ರು ಕೇಳಿದ ಮೇಲೆ ಉತ್ತರ ಇರಲೇಬೇಕು ಅಂತ ಮಕ್ಕಳ ನಂಬಿಕೆ.

ದೊಡ್ಡ ಮಕ್ಕಳೂ ಹೀಗೆಯೇ. ಅಮೆರಿಕದಲ್ಲಿ 1980ರ ದಶಕದ ಶುರುವಿನಲ್ಲಿ 13 ವರ್ಷದವರಿಗೆ ಕೇಳಿದ ಲೆಕ್ಕ ಇದು: ಒಂದು ಬಸ್ಸಿನಲ್ಲಿ 36 ಸೈನಿಕರು ಹಿಡಿಸುತ್ತಾರೆ, 1128 ಸೈನಿಕರಿಗೆ ಎಷ್ಟು ಬಸ್ಸು ಬೇಕು? ನೂರಕ್ಕೆ 70 ಮಂದಿ ಭಾಗಾಕಾರ ಸರಿಯಾಗಿಯೇ ಮಾಡಿದರು. ಆದರೆ 32 ಬಸ್ಸು ಎಂದವರು ನೂರಕ್ಕೆ 23 ಮಾತ್ರ. ನೂರಕ್ಕೆ 29 ಮಂದಿ '31, ಶೇಷ 12' ಎಂದು ಬರೆದು ಸುಮ್ಮನಾದರು. ಆ ಶೇಷ ಅಂದರೆ ಬಸ್ಸು ಸಿಗದೆ ನಿಂತಿರುವ 12 ಜನ ಅಂತ ಅವರಿಗೆ ಹೊಳೆಯಲೇ ಇಲ್ಲ.

ಇದಕ್ಕೆ ನಾವೂ ತುಪ್ಪ ಸುರಿಯುತ್ತೇವೆ. 'ಹೆಚ್ಚು ಅಂತ ಇದ್ದರೆ ಕೂಡು, ಉಳಿದದ್ದು ಅಂತ ಇದ್ದರೆ ಕಳೆ' ಎಂದು ಹೇಳಿಕೊಡುತ್ತೇವೆ. ಈ ಲೆಕ್ಕ ಕೊಟ್ಟು ನೋಡಿ: ರವಿಯ ಹತ್ತಿರ 8 ಗೋಲಿ ಇವೆ, ಅದು ಸುಮಾಳ ಹತ್ತಿರ ಇರುವುದಕ್ಕಿಂತ 3 ಹೆಚ್ಚು. ಸುಮಾಳ ಹತ್ತಿರ ಎಷ್ಟಿವೆ? ಬಹಳಷ್ಟು ಮಕ್ಕಳು 11 ಅಂತಾರೆ.

ನಾನು ಮಾಡುವುದು ಇಷ್ಟೇ. ಸಂಖ್ಯೆಗಳ ಮೇಲೆ ಬೆರಳಿಟ್ಟು ಮುಚ್ಚಿ ಓದಿಸುತ್ತೇನೆ. 'ರವಿಯ ಹತ್ತಿರ ಗೋಲಿ ಇವೆ, ಸುಮಾಗಿಂತ ಜಾಸ್ತಿ.' ಯಾರ ಹತ್ತಿರ ಕಡಿಮೆ ಇದೆ? ಉತ್ತರ ರವಿಯ ಗೋಲಿಗಿಂತ ದೊಡ್ಡದಿರಬೇಕಾ, ಚಿಕ್ಕದಿರಬೇಕಾ? ಇದಕ್ಕೆ ಉತ್ತರ ಬಂದ ಮೇಲೆಯೇ ಬೆರಳು ತೆಗೆಯುವುದು. ಮೊದಮೊದಲು ಮಕ್ಕಳಿಗೆ ರೇಗುತ್ತದೆ. ಸಂಖ್ಯೆ ಇಲ್ಲದ ಲೆಕ್ಕ ಎಂಥ ಲೆಕ್ಕ ಅಂತ ಕೇಳುತ್ತಾರೆ. ಬೇಸರವಾದರೂ ಬಿಡಬೇಡಿ. ಒಂದು ಸಂಜೆಗೆ ಮೂರು ಲೆಕ್ಕ ಸಾಕು. ಇಪ್ಪತ್ತು ಲೆಕ್ಕದ ವರ್ಕ್‌ಶೀಟ್ ಕೊಟ್ಟರೆ ಮತ್ತೆ ಹಳೇ ಚಾಳಿಯೇ.

ಅವಳ ಕೈಯಲ್ಲೇ ಲೆಕ್ಕ ಕಟ್ಟಿಸುವುದೂ ಒಳ್ಳೆಯದು. 48ನ್ನು 5ರಿಂದ ಭಾಗಿಸುವ ಎರಡು ಲೆಕ್ಕ ಮಾಡು, ಒಂದರ ಉತ್ತರ 9 ಬರಬೇಕು, ಇನ್ನೊಂದರದ್ದು 10 ಅನ್ನಿ. ಅವಳಿಗೆ ಹೊಳೆಯದಿದ್ದರೆ ನೀವೇ ಶುರು ಮಾಡಿಕೊಡಿ: 48 ರೂಪಾಯಿಗೆ 5 ರೂಪಾಯಿಯ ಚಾಕಲೇಟ್ ಎಷ್ಟು ಬರುತ್ತವೆ? ಒಂದು ಡಬ್ಬಿಗೆ ಐದರಂತೆ 48 ಲಾಡು ತುಂಬಲು ಎಷ್ಟು ಡಬ್ಬಿ ಬೇಕು?